ತಪ್ಪು ತಿಳಿಯುವ ಯಂತ್ರ

ಇಬ್ಬನಿ ಹುಟ್ಟಿ ಇಪ್ಪತ್ತೆರಡು ತಿಂಗಳಾಗಿತ್ತು. ಅವಳ ಅಂಗಿ ಮಾತಾಡಲು ಶುರುಮಾಡಿ ಹದಿನಾರು ತಿಂಗಳಾಗಿತ್ತು.

ಧಾರವಾಡದ ಸಪ್ತಾಪುರದ ಆ ಮನೆಯಲ್ಲಿ ಬೆಳಗು ಹೀಗೆ ಆಗುತ್ತಿತ್ತು. ಇಬ್ಬನಿ ಕಣ್ಣು ತೆರೆದು ನೀರಿನ ಲೋಟದ ಕಡೆ ಒಮ್ಮೆ ನೋಡುವಳು. ಗಂಟಲು ತುಸುವೇ ಅಲುಗುವುದು. ಅಷ್ಟರಲ್ಲೇ ಅಂಗಿಯ ಕೊರಳಪಟ್ಟಿಯಿಂದ ಮೆತ್ತಗಿನ ಹೆಣ್ಣುದನಿಯೊಂದು "ಇಬ್ಬನಿಗೆ ನೀರು ಬೇಕು" ಎನ್ನುವುದು. ನೀರು ಬರುವುದು. ಕುಡಿದು ಮುಗಿಸುವ ಮೊದಲೇ ಅದೇ ದನಿ "ಇಬ್ಬನಿಗೆ ಸಾಕು" ಎನ್ನುವುದು. ಅಳುವಿಲ್ಲ, ರಚ್ಚೆಯಿಲ್ಲ, ಕೈಕಾಲು ಬಡಿಯುವುದಿಲ್ಲ. ನೆರೆಮನೆಯವರು ಇಂಥ ಕೂಸನ್ನು ಹೆತ್ತ ಹೊಟ್ಟೆ ತಣ್ಣಗಿರಲಿ ಎಂದು ಹರಸಿ ಹೋಗುತ್ತಿದ್ದರು.

ಹೆತ್ತ ಹೊಟ್ಟೆ ಡಾಕ್ಟರ್ ನೀಲಗಂಗಾಳದ್ದು. ಕೊರಳಪಟ್ಟಿಯ ಆ ದನಿಯೂ ಒಂದು ಲೆಕ್ಕದಲ್ಲಿ ಅವಳದೇ ಕೂಸು. ಊರ ಹೊರಗಿನ ಗುಡ್ಡದ ಮೇಲಿದ್ದ ಮಕ್ಕಳ ಭಾಷಾ ಪ್ರಯೋಗಾಲಯದಲ್ಲಿ ಏಳು ವರ್ಷ ಹೆಣಗಾಡಿ ಅವಳು ಮತ್ತು ಅವಳ ಮೇಲಧಿಕಾರಿ ವಾದಿರಾಜ ಕಟ್ಟಿ ಸೇರಿ ಅದನ್ನು ಮಾಡಿದ್ದರು. ಹೆಸರು 'ಇಂಗಿತ'. ನೋಡಲು ಅಂಗಿಯ ಗುಂಡಿಯಷ್ಟೇ ಇದ್ದ ಅದು ಕೂಸಿನ ಗಂಟಲ ಸ್ನಾಯುಗಳ ಅಲುಗಾಟವನ್ನೂ ಎದೆಬಡಿತವನ್ನೂ ಕೇಳಿಸಿಕೊಳ್ಳುತ್ತಿತ್ತು. ಗೋಡೆಗೆ ಅಂಟಿಸಿದ ಪುಟ್ಟ ಕ್ಯಾಮೆರಾ ಕೂಸು ಎತ್ತ ನೋಡುತ್ತಿದೆಯೆಂದು ತಿಳಿಸುತ್ತಿತ್ತು. ಎರಡನ್ನೂ ಕೂಡಿಸಿ, ಲಕ್ಷಾಂತರ ಗಂಟೆಗಳ ಮಕ್ಕಳ ತೊದಲಿನೊಂದಿಗೆ ತಾಳೆ ನೋಡಿ, ಕೂಸಿನ ಮನಸ್ಸಿನಲ್ಲಿರುವುದನ್ನು ಇಂಗಿತ ಕಣ್ಣು ಮಿಟುಕಿಸುವುದರೊಳಗೆ ಹೇಳಿಬಿಡುತ್ತಿತ್ತು. ನೂರಕ್ಕೆ ತೊಂಬತ್ತೇಳು ಸಲ ಅದು ಹೇಳಿದ್ದು ಸರಿಯೇ ಇರುತ್ತಿತ್ತು. ಇದನ್ನೇ ಅಮ್ಮನ ಫೋನಿಗೆ ಬರೆದೂ ಕಳಿಸುತ್ತಿತ್ತು.

ನೀಲಗಂಗಾ ಮತ್ತು ಕಟ್ಟಿಯವರ ನಡುವೆ ಹನ್ನೊಂದು ವರ್ಷಗಳ ಒಂದು ಜಗಳವಿತ್ತು. ಮಕ್ಕಳು ಮಾತು ಕಲಿಯುವುದು ಕೇಳಿ ಕೇಳಿ, ಕಿವಿಗೆ ಬಿದ್ದಷ್ಟು ಬಾಯಿಗೆ ಬರುತ್ತದೆ ಎನ್ನುವವರು ಕಟ್ಟಿ. ಕಿವಿಗೆ ಬೀಳದ ಮಾತನ್ನೂ ಮಕ್ಕಳು ಹೊಸದಾಗಿ ಕಟ್ಟಿ ಆಡುತ್ತಾರಲ್ಲ, ವ್ಯಾಕರಣದ ಬೀಜ ಹುಟ್ಟುವಾಗಲೇ ತಲೆಯೊಳಗೆ ಇರುತ್ತದೆ ಎನ್ನುವವಳು ನೀಲಗಂಗಾ. ದಿನಾ ಮಧ್ಯಾಹ್ನ ಚಹಾದ ಹೊತ್ತಿಗೆ ಇಬ್ಬರೂ ಇದನ್ನೇ ಎಳೆದಾಡಿ, ಚಹಾ ಆರಿಸಿಕೊಂಡು, ಬೈದುಕೊಂಡು ಕುಡಿಯುತ್ತಿದ್ದರು. ಕೂಸನ್ನು ಎಷ್ಟು ಬೇಗ, ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡರೆ ಅಷ್ಟು ಒಳ್ಳೆಯದು ಎಂಬ ಒಂದು ಮಾತಿಗೆ ಮಾತ್ರ ಇಬ್ಬರ ಒಪ್ಪಿಗೆಯೂ ಇತ್ತು. ಆ ಒಪ್ಪಿಗೆಯಿಂದ ಇಂಗಿತ ಹುಟ್ಟಿತು. ನಲವತ್ತು ಮಕ್ಕಳ ಅಂಗಿಗೆ ಅದನ್ನು ಹೊಲಿದರು. ಅವರಲ್ಲಿ ಇಬ್ಬನಿಯೂ ಒಬ್ಬಳು. ಫಲಿತಾಂಶ ಚೆನ್ನಾಗಿ ಬಂದರೆ ಮುಂದಿನ ವರ್ಷ ಅಂಗನವಾಡಿಗಳಿಗೆಲ್ಲ ಕಳಿಸುವುದೆಂದು ತೀರ್ಮಾನವಾಗಿತ್ತು.

ಫಲಿತಾಂಶ ಚೆನ್ನಾಗಿ ಬಂದಿತ್ತು ಎಂದರೆ ಕಡಿಮೆಯಾಯಿತು. ಪ್ರಯೋಗಾಲಯದ ಗೋಡೆಯ ಮೇಲಿನ ನಕ್ಷೆಯಲ್ಲಿ ಮಕ್ಕಳ ಮಾತಿನ ಗೆರೆ ಏಣಿ ಹಾಕಿಕೊಂಡು ಮೇಲೇರಿತ್ತು. ಇಪ್ಪತ್ತು ತಿಂಗಳ ಕೂಸುಗಳು ದಿನಕ್ಕೆ ಸಾವಿರ ಪದ ದಾಟಿದ್ದವು.

ಇಂಥ ಸುಭಿಕ್ಷ ಕಾಲದಲ್ಲಿ ನೀಲಗಂಗಾಳ ಅತ್ತೆ ಕಾಶವ್ವ ಬಂದಿಳಿದಳು. ನವಲಗುಂದದ ಹತ್ತಿರದ ಹಳ್ಳಿಯೊಂದರಲ್ಲಿ ಮೂವತ್ತೊಂದು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕಾರಾಗಿದ್ದು, ಹಿಂದಿನ ತಿಂಗಳಷ್ಟೇ ನಿವೃತ್ತಳಾಗಿದ್ದಳು. ಮಗ ಬಸವಪ್ರಭು ಲೋಂಡಾದಲ್ಲಿ ಸ್ಟೇಷನ್ ಮಾಸ್ತರ, ವಾರಕ್ಕೊಮ್ಮೆ ಬರುವವನು. ಹಾಗಾಗಿ ಮನೆಯಲ್ಲಿ ಮೂವರು ಹೆಂಗಸರು, ಕೊರಳಪಟ್ಟಿಯ ದನಿಯನ್ನೂ ಹಿಡಿದರೆ ನಾಲ್ವರು.

ಕಾಶವ್ವ ನಾಲ್ಕು ದಿನ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡುತ್ತಲೇ ಇದ್ದಳು. ಐದನೆಯ ದಿನ ಸೊಸೆ ರೊಟ್ಟಿ ಮುರಿಯುತ್ತ ನಕ್ಷೆಯ ಸುದ್ದಿ ಹೇಳಿದಳು. ಇಬ್ಬನಿ ನಿನ್ನೆ ಒಂದೇ ದಿನ ಸಾವಿರದ ನೂರಾ ಎಂಟು ಪದ ಆಡಿದ್ದಾಳೆ ಎಂದಳು.

"ಯಾವಾಗ?" ಎಂದಳು ಕಾಶವ್ವ.

"ನಿನ್ನೆ ರಿ, ಅತ್ತಿ. ಬೆಳಗಿನಿಂದ ಸಂಜೀತನಕ."

"ಬೆಳಗಿನಿಂದ ಸಂಜೀತನಕ ಕೂಸು ನನ್ನ ತೊಡಿ ಮ್ಯಾಲ ಇತ್ತಲ್ಲ. ಆ ಮಾತು ಕೂಸು ಆಡಿದ್ದೋ, ಅಂಗಿ ಆಡಿದ್ದೋ?"

ನೀಲಗಂಗಾಳ ಹುಬ್ಬು ಗಂಟಾಯಿತು. "ಅದನ್ನೆಲ್ಲ ಯಂತ್ರನ ಬ್ಯಾರೆ ಮಾಡತೈತ್ರಿ. ಕೂಸಿನ ದನಿ ಯಾವುದು, ದೊಡ್ಡವರ ದನಿ ಯಾವುದು ಅಂತ ಅದಕ್ಕ ಗೊತ್ತಾಗತೈತಿ."

"ಇರಬಹುದವಾ. ನೀನು ಕಲತಾಕಿ," ಎಂದು ಕಾಶವ್ವ ಪಲ್ಯ ಬಡಿಸಿದಳು. ಅವಳು ಹೀಗೆ ಒಪ್ಪಿಕೊಂಡರೆ ಒಪ್ಪಿಲ್ಲವೆಂದೇ ಅರ್ಥ. ಅದು ನೀಲಗಂಗಾಳಿಗೂ ಗೊತ್ತಿತ್ತು. ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದಳು.

ಪ್ರಯೋಗಾಲಯಕ್ಕೆ ಹೋದವಳೇ ಎಣಿಕೆಯ ತಂತ್ರಾಂಶವನ್ನು ತೆರೆದು ಕೂತಳು. ಅದು ಹಳೆಯ ತಂತ್ರಾಂಶ. ಕೊರಳಪಟ್ಟಿಯಲ್ಲಿ ಬರೀ ಮೈಕ್ ಇದ್ದ ಕಾಲದ್ದು. ಮೈಕಿನ ಹತ್ತಿರದಿಂದ ಬಂದ ದನಿ ಕೂಸಿನದು, ದೂರದಿಂದ ಬಂದದ್ದು ದೊಡ್ಡವರದು ಎಂದು ಅದಕ್ಕೆ ಹೇಳಿಕೊಟ್ಟಿದ್ದರು. ಆಮೇಲೆ ಅದೇ ಗುಂಡಿಯೊಳಗೆ ಇಂಗಿತದ ದನಿ ಬಂದು ಕೂತಿತು. ದನಿ ಮಾಡಿದವರು ಕೆಳಮಹಡಿಯಲ್ಲಿ, ಪದ ಎಣಿಸುವವರು ಮೇಲ್ಮಹಡಿಯಲ್ಲಿ. ಇಬ್ಬರೂ ಒಂದು ದಿನ ಕೂತು ಇದನ್ನು ಮಾತಾಡಿರಲಿಲ್ಲ. ಮೈಕಿಗೆ ಎಲ್ಲಕ್ಕಿಂತ ಹತ್ತಿರವಿದ್ದದ್ದು ಯಂತ್ರದ ಬಾಯಿಯೇ. ಹದಿನಾರು ತಿಂಗಳಿಂದ ಯಂತ್ರದ ಮಾತನ್ನು ಯಂತ್ರವೇ ಎಣಿಸಿ, ಕೂಸುಗಳ ಹೆಸರಿಗೆ ಬರೆದು, ಬೆನ್ನು ತಟ್ಟಿಕೊಂಡಿತ್ತು.

ಅವಳು ಇಂಗಿತದ ದನಿಯನ್ನು ಸೋಸಿ ತೆಗೆದು ಮತ್ತೆ ಎಣಿಸಿದಳು. ಗೆರೆ ಜಾರಿ ಬಂದು ನೆಲಕ್ಕೆ ಅಂಟಿಕೊಂಡಿತು. ನಲವತ್ತು ಮಕ್ಕಳಲ್ಲಿ ಮೂವತ್ತೇಳು ಮಕ್ಕಳ ಬಾಯಲ್ಲಿ ಒಂದು ಪದವೂ ಇರಲಿಲ್ಲ. ಆರು ತಿಂಗಳಲ್ಲಿದ್ದ ಬಾ-ಬಾ ದಾ-ದಾ ಕೂಡ ವರ್ಷ ತುಂಬುವಷ್ಟರಲ್ಲಿ ನಿಂತುಹೋಗಿತ್ತು. ಪಟ್ಟಿಯ ಹದಿನೇಳನೆಯ ಸಾಲಿನಲ್ಲಿ ಇಬ್ಬನಿಯ ಹೆಸರಿತ್ತು, ಅದರ ಮುಂದೆ ಸೊನ್ನೆಯಿತ್ತು. ನೀಲಗಂಗಾ ಮಗಳ ಮಾತು ಕೇಳಿ ಹಿಗ್ಗಿದ ದಿನಗಳನ್ನೆಲ್ಲ ನೆನೆಸಿಕೊಂಡಳು. ಮಗಳ ದನಿ ಹೇಗಿದೆಯೆಂದೇ ತನಗೆ ಗೊತ್ತಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ಪಟ್ಟಿಯನ್ನು ಒಯ್ದು ಕಟ್ಟಿಯವರ ಮುಂದಿಟ್ಟಳು.

ಕಟ್ಟಿಯವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ನೀಲಗಂಗಾ, ನಾಳೆನ ಗುಂಡಿ ಎಲ್ಲಾ ಬಿಚ್ಚಿಸೋಣು. ಮಾತಿಗೂ ಒಂದು ವಯಸ್ಸು ಅಂತ ಇರತದ. ಅದು ದಾಟಿದರ ಕಷ್ಟ ಅದ," ಎಂದರು.

ಮರುದಿನ ಬಿಚ್ಚಿಸಿದರು. ಮಕ್ಕಳು ಹೋ ಎಂದು ಅತ್ತು ರಂಪ ಮಾಡುತ್ತಾರೆ ಎಂದು ಎಲ್ಲರೂ ಎಣಿಸಿದ್ದರು. ಹಾಗೆ ಆಗಿದ್ದರೆ ಒಳ್ಳೆಯದಿತ್ತು. ಮಕ್ಕಳು ಬೇಕಾದ ವಸ್ತುವಿನ ಕಡೆ ನೋಡಿ ಸುಮ್ಮನೆ ಕಾದು ಕೂತವು. ಹೇಳುವವರು ಯಾರೋ ಹೇಳುತ್ತಾರೆ ಎಂದು ಕಾದವು. ಇಬ್ಬನಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹಾಲಿನ ಪಾತ್ರೆಯನ್ನು ಮುಕ್ಕಾಲು ಗಂಟೆ ನೋಡಿದಳು. ನೀಲಗಂಗಾ ಬಾಗಿಲ ಮರೆಯಲ್ಲಿ ನಿಂತು, ಒಂದು ಸಲ 'ಹಾ' ಅನ್ನು, ಕೈ ಆದರೂ ಚಾಚು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಕೂಸು ಕೊನೆಗೆ ಕೊರಳಪಟ್ಟಿಯನ್ನು ಬೆರಳಿಂದ ಮುಟ್ಟಿ ನೋಡಿಕೊಂಡು, ಹಸಿದ ಹೊಟ್ಟೆಯಲ್ಲೇ ನೆಲದ ಮೇಲೆ ಮಲಗಿಬಿಟ್ಟಿತು. ತಾಯಿ ಓಡಿಬಂದು ಎತ್ತಿಕೊಂಡಳು. ಮೂರನೆಯ ದಿನಕ್ಕೆ ಹನ್ನೆರಡು ಮನೆಯವರು ಗುಂಡಿ ವಾಪಸ್ ಹೊಲಿಸಿಕೊಂಡು ಹೋದರು.

"ತಪ್ಪು ನಂದ ಐತ್ರಿ," ಎಂದಳು ನೀಲಗಂಗಾ ಅತ್ತೆಯ ಮುಂದೆ ಕೂತು. ಕಣ್ಣು ತುಂಬಿದ್ದವು. "ತೆಗದ್ರೂ ಮಾತಾಡವಲ್ಲು, ಹಾಕಿದ್ರೂ ಮಾತಾಡವಲ್ಲು."

ಕಾಶವ್ವ ಮೊಮ್ಮಗಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. "ಮಂದಿಗೆ ತನ್ನ ಮನಸಿನ್ಯಾಗಿಂದು ಗೊತ್ತಾಗಂಗಿಲ್ಲ ಅನ್ನೋದ ಈ ಕೂಸಿಗೆ ತಿಳಿದಿಲ್ಲವಾ. ಗೊತ್ತಾಗಂಗಿಲ್ಲ ಅಂತ ತಿಳಿದರಲ್ಲೇನು ಬಾಯಿ ತಗಿಯೂದು? ನಾ ಅಂಗನವಾಡ್ಯಾಗ ಮೂವತ್ತು ವರ್ಷ ಮಾಡಿದ್ದರ ಏನು ಅಂತೀ. ಗೊತ್ತಿದ್ದೂ ಗೊತ್ತಿಲ್ಲದಾಂಗ ನಟಸೂದು."

ಹೀಗೆ ಕಾಶವ್ವ ಗುಡ್ಡದ ಮೇಲಿನ ಪ್ರಯೋಗಾಲಯಕ್ಕೆ ಬಂದಳು. ಇಳಕಲ್ ಸೀರೆಯ ಸೆರಗನ್ನು ಟೊಂಕಕ್ಕೆ ಸಿಗಿಸಿ, ಚಪ್ಪಲಿಯನ್ನು ಹೊರಗೆ ಬಿಡಲು ಒಪ್ಪದೆ ಕೈಯಲ್ಲಿ ಹಿಡಿದುಕೊಂಡೇ ಆಟದ ಕೋಣೆಗೆ ಹೋದಳು. ಕನ್ನಡಿಯಂಥ ಗಾಜಿನ ಆಚೆ ಎಂಟು ಜನ ವಿಜ್ಞಾನಿಗಳು ಕೂತಿದ್ದರು. ಮೊದಲ ಕೂಸು ಚನಮಲ್ಲ, ದರ್ಜಿಯೊಬ್ಬರ ಮಗ, ಎರಡು ವರ್ಷದವನು. ಗುಂಡಿ ಬಿಚ್ಚಿದ ಅಂಗಿ ತೊಟ್ಟ ಅವನು ಮೂಲೆಯಲ್ಲಿದ್ದ ಕೆಂಪು ಚೆಂಡಿನ ಕಡೆ ನೋಡಿ ಕಾಯುತ್ತ ಕೂತ.

ಕಾಶವ್ವ ಅವನ ಕಣ್ಣು ಹೋದ ಕಡೆ ನೋಡಿದಳು. "ಓ, ಇದು ಬೇಕಾಗೇತಿ ನಿಂಗ," ಎಂದು ಮರದ ಚಮಚ ತಂದುಕೊಟ್ಟಳು. ಚನಮಲ್ಲ ಚಮಚ ನೋಡಿದ, ಅವಳ ಮುಖ ನೋಡಿದ. ಬುದ್ಧಿ ತಿಳಿದ ಮೇಲೆ ಬಹುಶಃ ಮೊದಲ ಸಲ ಒಬ್ಬರು ಅವನನ್ನು ತಪ್ಪು ತಿಳಿದಿದ್ದರು. "ಇದಲ್ಲೇನು? ಹಂಗಾರ ಇದ," ಎಂದು ತನ್ನ ಚಪ್ಪಲಿಯನ್ನು ಬಹಳ ಶ್ರದ್ಧೆಯಿಂದ ಅವನ ತೊಡೆಯ ಮೇಲಿಟ್ಟಳು. ಅವನ ಹುಬ್ಬು ಮೇಲೆ ಹೋದವು. ಆಮೇಲೆ ಕಾಶವ್ವ ಚೆಂಡಿನ ಪಕ್ಕದಲ್ಲೇ ನಡೆದುಹೋಗಿ, ಅದು ಕಣ್ಣಿಗೆ ಬೀಳಲೇ ಇಲ್ಲವೆಂಬಂತೆ ಕಿಟಕಿಯ ಪರದೆಯನ್ನು ಎಳೆದು, "ಇದೇನ್ ಯಪ್ಪಾ?" ಎಂದಳು. ಚನಮಲ್ಲನ ಬಲಗೈ ತಾನಾಗಿ ಮೇಲೆದ್ದಿತು. ಒಂದು ಬೆರಳು ಚೆಂಡಿನ ಕಡೆ ಚಾಚಿತು. "ಊಂ" ಎಂದ. ಅವನ ಕೆಳತುಟಿ ಇನ್ನೇನು ಮಡಚಿಕೊಳ್ಳಬೇಕು ಎನ್ನುವಷ್ಟರಲ್ಲಿ ಕಾಶವ್ವ, "ಅಯ್ಯ, ನನ್ನ ಕಣ್ಣ ಹೋಗ್ಯಾವು ನೋಡು," ಎಂದು ಚೆಂಡು ತಂದು ಅವನ ಕೈಗಿತ್ತಳು.

ಗಾಜಿನ ಆಚೆ ಕಟ್ಟಿಯವರು, "ಆ ತುಟಿ. ಅಕಿ ಕೂಸಿನ ತುಟಿ ನೋಡಿ ನಿಲ್ಲಿಸಿದಳು," ಎಂದರು.

ಕಾಶವ್ವ ಹೊರಗೆ ಬಂದು ವಿವರಿಸಿದಳು. "ಕೂಸಿಗೆ ನಾವು ಸ್ವಲ್ಪ ದಡ್ಡರ ಕಾಣಬೇಕ್ರಿ. ಭಾಳ ದಡ್ಡರ ಕಂಡರ ಅಳತಾವು. ಶಾಣ್ಯಾರ ಕಂಡರ ಸುಮ್ಮ ಕುಂದರತಾವು. ಮತ್ತ ತುಟಿ ಮಡಚೂದ್ರಾಗ ಸೋತುಬಿಡಬೇಕು. ಮಡಚಿದ ಮ್ಯಾಲ ಸೋತರ ಅದು ಅಳೋದು ಕಲೀತೈತಿ, ಮಾತು ಕಲಿಯಂಗಿಲ್ಲ."

ನಲವತ್ತು ಮನೆಗಳಿಗೆ ಒಬ್ಬಳೇ ಕಾಶವ್ವ ಎಲ್ಲಿಂದ ಸಾಲಬೇಕು? ತಾಯಂದಿರಿಗೆ ಹೇಳಿಕೊಟ್ಟು ನೋಡಿದರು. ಹದಿನಾರು ತಿಂಗಳು ತಪ್ಪದೆ ಸರಿಯಾಗಿ ತಿಳಿದುಕೊಂಡ ತಾಯಂದಿರಿಗೆ ಮಗುವಿನ ಮುಖ ನೋಡುತ್ತ ಸುಳ್ಳು ದಡ್ಡತನ ಬರಲಿಲ್ಲ; ಎರಡನೆಯ ಗಳಿಗೆಗೇ ಕರಗಿಹೋಗುತ್ತಿದ್ದರು. ನೀಲಗಂಗಾ ಎಲ್ಲರಿಗಿಂತ ಮೊದಲು ಕರಗಿದಳು. ಹಾಗಿದ್ದಲ್ಲಿ ಮಕ್ಕಳು ಕಾದು ಕೂತಿರುವ ಆ ಯಂತ್ರಕ್ಕೇ ತಪ್ಪು ತಿಳಿಯುವುದನ್ನು ಕಲಿಸುವುದೆಂದು ಅವಳು ತೀರ್ಮಾನಿಸಿದಳು.

ಜಾಣ ಯಂತ್ರಕ್ಕೆ ದಡ್ಡತನ ಕಲಿಸುವುದರಲ್ಲಿ ಎಂಟು ವಿಜ್ಞಾನಿಗಳ ಬೆವರಿಳಿಯಿತು. ಮೊದಲ ವಾರ ಇಂಗಿತ ತಪ್ಪನ್ನೂ ಒಂದೇ ಕ್ರಮದಲ್ಲಿ ಮಾಡಿತು. ನೀರು ಬೇಕಾದಾಗಲೆಲ್ಲ "ಟೊಪಗಿ ಬೇಕು" ಎಂದು ತಲೆಯ ಟೋಪಿ ಕೇಳಿತು. ಮನೆಯವರೂ ಮಕ್ಕಳೂ ಎರಡೇ ದಿನದಲ್ಲಿ ಟೊಪಗಿ ಎಂದರೆ ನೀರು ಎಂದು ತಿಳಿದುಕೊಂಡರು; ಮಕ್ಕಳು ಮತ್ತೆ ನೆಮ್ಮದಿಯಾಗಿ ಕೂತವು. ಎರಡನೆಯ ವಾರ ಅದು ಮನಸ್ಸಿಗೆ ಬಂದ ಹೆಸರು ಹೇಳಿತು; ಮಕ್ಕಳು ಅತ್ತವು. "ನಾಟಕ ಬರಂಗಿಲ್ಲ ಅದಕ್ಕ," ಎಂದು ಕಾಶವ್ವ ಮೂಗು ಮುರಿದಳು. ಕೊನೆಗೆ ಅವಳನ್ನೇ ದಿನಕ್ಕೆ ಮೂರು ಗಂಟೆ ಮಕ್ಕಳೊಂದಿಗೆ ಬಿಟ್ಟು, ಅವಳ ಒಂದೊಂದು ತಪ್ಪನ್ನೂ ಬರೆದುಕೊಂಡರು. ಎಷ್ಟು ಹೊತ್ತು ತಡೆದಳು, ಹತ್ತಿರದ ತಪ್ಪು ಯಾವಾಗ ಮಾಡಿದಳು, ನಗಿಸುವ ತಪ್ಪು ಯಾವಾಗ ಮಾಡಿದಳು, ಯಾವ ಗಳಿಗೆಯಲ್ಲಿ ಸೋತಳು ಎಂದು ಅಳೆದರು. ತುಟಿ ಮಡಚುವುದಕ್ಕೆ ಅರ್ಧ ಸೆಕೆಂಡು ಮೊದಲೇ ಗಂಟಲ ಸ್ನಾಯು ಬಿಗಿಯುತ್ತದೆ ಎಂಬುದು ಆಗ ತಿಳಿಯಿತು. ಇಂಗಿತಕ್ಕೆ ಸೋಲುವ ಗಳಿಗೆ ಸಿಕ್ಕಿತು. ಅವರು ಇದಕ್ಕೆ ಉದ್ದನೆಯ ಹೆಸರೊಂದನ್ನು ಇಟ್ಟಿದ್ದರು. ಪ್ರಯೋಗಾಲಯದಲ್ಲಿ ಮಾತ್ರ ಎಲ್ಲರೂ ಅದನ್ನು 'ಕಾಶವ್ವನ ತುಟಿ' ಎಂದೇ ಕರೆದರು.

ಆ ದಿನಗಳಲ್ಲಿ ಒಮ್ಮೆ ಕಟ್ಟಿಯವರು ಚಹಾ ಬಿಸಿಯಿರುವಾಗಲೇ ಕುಡಿದು ಮುಗಿಸಿ, "ಮಾತು ಹೊರಗಿಂದ ಬರತದೋ ಒಳಗಿಂದ ಬರತದೋ ಅಂತ ಹನ್ನೊಂದು ವರ್ಷ ಬಡಿದಾಡಿದ್ವಿ. ಆಡೋರಿಗೂ ಕೇಳೋರಿಗೂ ನಡುವ ಒಂದಿಷ್ಟು ಸಂದು ಬೇಕಾಗತದ ಅನ್ನೋದು ನಿನಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ," ಎಂದರು. ಅಷ್ಟು ಸುಲಭವಾಗಿ ಅವರು ಸೋತದ್ದು ನೀಲಗಂಗಾಳಿಗೆ ಸೇರಲಿಲ್ಲ. ಬೀಜವಿಲ್ಲದೆ ಸಂದಿನಲ್ಲಿ ಏನು ಮೊಳೆಯುತ್ತದೆ ಎಂದು ಕೇಳಿ ಜಗಳವನ್ನು ಮತ್ತೆ ಹೊತ್ತಿಸಿದಳು. ಇಬ್ಬರಿಗೂ ಹಿತವೆನಿಸಿತು.

ಹೊಸ ಇಂಗಿತ ಹೊಲಿದ ಹನ್ನೊಂದನೆಯ ದಿನ ಚನಮಲ್ಲ "ಚೆಂದು" ಎಂದ. ಅವನ ಅಪ್ಪ ಹೊಲಿಯುತ್ತಿದ್ದ ಬಟ್ಟೆಯನ್ನು ಮೈಮೇಲೆ ಹಾಕಿಕೊಂಡೇ ಗುಡ್ಡ ಹತ್ತಿ ಬಂದು ಹೇಳಿಹೋದ. ಮೂರು ವಾರದಲ್ಲಿ ಇಪ್ಪತ್ತು ಮಕ್ಕಳು ಬಾಯಿಬಿಟ್ಟವು. ಐದು ವಾರದಲ್ಲಿ ಮೂವತ್ತನಾಲ್ಕು. ಇಬ್ಬನಿ ಬಾಯಿ ಬಿಡಲಿಲ್ಲ. ಅವಳು ತಪ್ಪು ಹೆಸರು ಕೇಳಿದರೆ ಕಣ್ಣು ಪಿಳಿಪಿಳಿ ಬಿಟ್ಟು, ಆಯಿತು ಬಿಡು ಎನ್ನುವಂತೆ ತಪ್ಪು ವಸ್ತುವನ್ನೇ ಇಟ್ಟುಕೊಂಡು ಆಡುವಳು. ಬಾಳೆಹಣ್ಣಿನ ಬದಲು ಬಟ್ಟಲು ಕೊಟ್ಟರೂ ಸರಿಯೇ. ಮಾತಾಡುವ ಮಕ್ಕಳ ಪಟ್ಟಿಯಲ್ಲಿ ಹೆಸರು ಸೇರಿದಂತೆಲ್ಲ ನೀಲಗಂಗಾ ಮಗಳ ಹೆಸರಿನ ಮುಂದಿನ ಸೊನ್ನೆಯನ್ನೇ ನೋಡುತ್ತಿದ್ದಳು. ಉಳಿದವರ ಮಕ್ಕಳು ಒಂದೆರಡು ವಾರ ತಡವಾಗಿ ಗುಂಡಿ ಹೊಲಿಸಿಕೊಂಡವರು. ಮೊಟ್ಟಮೊದಲು, ಎಲ್ಲರಿಗಿಂತ ಮುಂಚೆ, ಅಕ್ಕರೆಯಿಂದ ತನ್ನ ಕೈಯಾರೆ ಹೊಲಿದದ್ದು ತನ್ನ ಮಗಳಿಗೇ ಅಲ್ಲವೇ ಎಂದು ಅವಳು ಒಳಗೊಳಗೇ ಸಾಯುತ್ತಿದ್ದಳು.

ಏಳನೆಯ ವಾರದ ಒಂದು ಮಧ್ಯಾಹ್ನ. ಬಸವಪ್ರಭು ರಜೆಯ ಮೇಲೆ ಬಂದಿದ್ದ. ಎಲ್ಲರೂ ಉಂಡು ಪಡಸಾಲೆಯಲ್ಲಿ ಕೂತಿದ್ದರು. ಇಬ್ಬನಿ ಅಪ್ಪ ತಂದ ಬಾಳೆಹಣ್ಣಿನ ಗೊನೆಯ ಕಡೆ ನೋಡಿದಳು.

"ಇಬ್ಬನಿಗೆ ಅಪ್ಪನ ಕನ್ನಡಕ ಬೇಕು," ಎಂದಿತು ಕೊರಳಪಟ್ಟಿ.

ಬಸವಪ್ರಭು ಕನ್ನಡಕ ತೆಗೆದು ಮಗಳ ಮೂಗಿನ ಮೇಲಿಟ್ಟ. ಕಣ್ಣಿಗೆ ಜಗತ್ತೆಲ್ಲ ಮಸುಕಾದದ್ದಕ್ಕೋ ಏನೋ, ಈ ಸಲ ಅವಳು ಒಪ್ಪಲಿಲ್ಲ. ಕನ್ನಡಕ ಕಿತ್ತು ಕೆಳಗಿಟ್ಟಳು. ಗೊನೆಯ ಕಡೆ ನೋಡಿದಳು.

"ಇಬ್ಬನಿಗೆ ಅಜ್ಜಿಯ ಚಪ್ಪಲಿ ಬೇಕು."

ಇಬ್ಬನಿ ಗಲ್ಲ ಕೆಳಗಿಳಿಸಿ ತನ್ನ ಕೊರಳಪಟ್ಟಿಯನ್ನು ದಿಟ್ಟಿಸಿದಳು. ಮುಖ ಕೆಂಪಾಯಿತು. ನೀಲಗಂಗಾ ಎದ್ದು ಗೊನೆಯತ್ತ ಹೊರಟಳು. ಕಾಶವ್ವ ಅವಳ ಸೆರಗು ಹಿಡಿದು ಕೂರಿಸಿದಳು.

"ಅಲ್ಲ," ಎಂದಳು ಇಬ್ಬನಿ.

ದನಿ ಗೊಗ್ಗರಾಗಿತ್ತು, ಅಪ್ಪನ ದನಿಯಂತೆ. ಕೊರಳಪಟ್ಟಿಯ ಮೆತ್ತಗಿನ ದನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅವಳಿಗೇ ಅದು ಹೊಸತಾಗಿ ಕೇಳಿಸಿರಬೇಕು. ಮತ್ತೊಮ್ಮೆ ಆಡಿ ನೋಡಿದಳು. "ಅಲ್ಲ. ಅಲ್ಲ. ಬಾಯಿ." ಬಾಳೆಯ ಕಡೆ ಬೆರಳು ಚಾಚಿ, "ಬಾಯಿ," ಎಂದಳು. ನೀಲಗಂಗಾ ಮುಖ ಮುಚ್ಚಿಕೊಂಡು ಅತ್ತಳು. ಇಷ್ಟು ಸಂತೋಷ ಅವಳಿಗೆ ಮಗಳನ್ನು ಹೆತ್ತ ದಿನವೂ ಆಗಿರಲಿಲ್ಲ. ಬಸವಪ್ರಭು ಇಡೀ ಗೊನೆಯನ್ನು ತಂದು ಮಗಳ ಮುಂದಿಟ್ಟು, ತಾನೂ ಒಂದು ಸುಲಿದು ತಿನ್ನುತ್ತ ಕಣ್ಣು ಒರೆಸಿಕೊಂಡ.

ಆಮೇಲೆ ಕಟ್ಟೆ ಒಡೆಯಿತು. ಮೂರು ವರ್ಷ ತುಂಬುವಷ್ಟರಲ್ಲಿ ಇಬ್ಬನಿಯ ಬಾಯಿಗೆ ಬಿಡುವಿರಲಿಲ್ಲ. ಹಾಲಿನವನಿಗೆ, ಗೋಡೆಯ ಹಲ್ಲಿಗೆ, ಫೋನಿನಲ್ಲಿ ಲೋಂಡಾದ ಸ್ಟೇಷನ್ನಿಗೆ ಎಲ್ಲರಿಗೂ ಮಾತು. ಇಂಗಿತ ಅಂಗಿಯಲ್ಲೇ ಇತ್ತು, ದನಿಯನ್ನು ತೆಗೆದುಹಾಕಿದ್ದರು. ಸುರಕ್ಷತೆಗಿರಲಿ ಎಂದು, ಮನಸ್ಸಿನಲ್ಲಿರುವುದನ್ನು ಇದ್ದಂತೆಯೇ ಅಮ್ಮನ ಫೋನಿಗೆ ಬರೆದು ಕಳಿಸುವುದನ್ನು ಮಾತ್ರ ನೀಲಗಂಗಾ ಉಳಿಸಿಕೊಂಡಿದ್ದಳು. ಮಗಳ ಮನಸ್ಸು ಅಂಗೈಯಲ್ಲಿ ಕಾಣುತ್ತಿರುವುದು ಅವಳಿಗೆ ಅಷ್ಟು ರೂಢಿಯಾಗಿತ್ತು.

ಪಂಚಮಿಯ ಹಿಂದಿನ ದಿನ ಕಾಶವ್ವ ಶೇಂಗಾ ಉಂಡಿ ಕಟ್ಟಿ ಡಬ್ಬಿ ತುಂಬಿಸಿ ಇಟ್ಟಿದ್ದಳು. ದೇವರಿಗೆ ಎಡೆ ಹಿಡಿಯುವವರೆಗೆ ಯಾರೂ ಮುಟ್ಟುವಂತಿರಲಿಲ್ಲ. ಸಂಜೆ ನೀಲಗಂಗಾ ನೋಡಿದರೆ ಡಬ್ಬಿಯ ಮುಚ್ಚಳ ನೆಲದ ಮೇಲಿತ್ತು. ಇಬ್ಬನಿ ಬಾಗಿಲ ಹಿಂದೆ ನಿಂತಿದ್ದಳು. ಗಲ್ಲದ ತುಂಬ ಬೆಲ್ಲದ ಪುಡಿ.

"ಉಂಡಿ ಯಾರ್ ತಿಂದ್ರವಾ?"

ಇಬ್ಬನಿ ಒಂದು ಗಳಿಗೆ ಯೋಚಿಸಿದಳು. "ಅಜ್ಜಿ," ಎಂದಳು.

ನೀಲಗಂಗಾಳ ಕೈಯಲ್ಲಿದ್ದ ಫೋನು ಮಿನುಗಿತು. 'ಇಬ್ಬನಿ ಉಂಡಿ ತಿಂದಿದ್ದಾಳೆ. ಬೈಗುಳದ ಭಯವಿದೆ. ಇನ್ನೊಂದು ಬೇಕಾಗಿದೆ.'

ಮಗಳ ಮಾತು, ಫೋನಿನ ಮಾತು ಎರಡನ್ನೂ ಎದುರುಬದುರಾಗಿ ಇಟ್ಟುಕೊಂಡು ತಾಯಿ ನಿಂತಳು. ಮಗಳು ತನ್ನ ಮನಸ್ಸಿಗೆ ಒಂದು ಬಾಗಿಲು ಮಾಡಿಕೊಂಡು, ಮೊದಲ ಸಲ ಅದನ್ನು ಮುಚ್ಚಿಕೊಂಡಿದ್ದಳು. ಮಾತು ಪೂರ್ತಿ ಬಂತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಫಲಿತಾಂಶ ಬೇಕಾಗಿರಲಿಲ್ಲ. ಆ ಬಾಗಿಲ ಕಿಂಡಿಯಲ್ಲಿ ಕಣ್ಣಿಟ್ಟು ನಿಂತವಳು ಮಾತ್ರ ತಾನೇ ಎಂದು ನೀಲಗಂಗಾಳಿಗೆ ನಾಚಿಕೆಯಾಯಿತು. ಅವಳು ಫೋನು ಆರಿಸಿದಳು.

"ಅತ್ತೀ," ಎಂದು ಗಟ್ಟಿಯಾಗಿ ಕರೆದಳು. "ಎಡಿ ಹಿಡಿಯೂಕಿಂತ ಮೊದಲ ಉಂಡಿ ತಿಂದಿರಂತ. ಹೌದೇನ್ರಿ?"

ಕಾಶವ್ವ ಅಡುಗೆಮನೆಯಿಂದ ಹೊರಬಂದು ಮೊಮ್ಮಗಳ ಗಲ್ಲ ನೋಡಿದಳು. "ಹೌದವಾ, ತಿಂದೇನಿ. ತಡಕೊಳ್ಳಾಕ ಆಗಲಿಲ್ಲ," ಎಂದು ತಲೆ ತಗ್ಗಿಸಿ ನಿಂತಳು. ಇಬ್ಬನಿಯ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

ನೀಲಗಂಗಾ ಮಗಳನ್ನು ಹತ್ತಿರ ಕರೆದು, ತೊಡೆಯ ಮೇಲೆ ಕೂರಿಸಿಕೊಂಡು, ಸಣ್ಣ ಕತ್ತರಿಯಿಂದ ಕೊರಳಪಟ್ಟಿಯ ಹೊಲಿಗೆ ಬಿಚ್ಚತೊಡಗಿದಳು. ನಾಲ್ಕು ಎಳೆ ಕಿತ್ತ ಮೇಲೆ ಗುಂಡಿ ಅಂಗೈಗೆ ಬಂತು. ಇಬ್ಬನಿ ಅಜ್ಜಿಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಮತ್ತೆ ಅಜ್ಜಿಯನ್ನು ನೋಡಿ ತನ್ನಷ್ಟಕ್ಕೆ ನಕ್ಕಳು.

ತಾಯಿಗೆ ತಡೆಯಲಾಗಲಿಲ್ಲ. "ಏನ್ ವಿಚಾರ ಮಾಡಾಕತ್ತಿ ನನ ಕೂಸ?" ಎಂದಳು.

"ಹೇಳಂಗಿಲ್ಲ," ಎಂದಳು ಇಬ್ಬನಿ, ಅಪ್ಪನ ಗೊಗ್ಗರು ದನಿಯಲ್ಲಿ. ತೊಡೆಯಿಂದಿಳಿದು ಅಜ್ಜಿಯ ಸೆರಗು ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಒಳಗೆ ಇಬ್ಬರೂ ಏನೋ ಪಿಸುಗುಟ್ಟಿಕೊಳ್ಳುತ್ತಿದ್ದರು. ನೀಲಗಂಗಾ ಕಿವಿಗೊಟ್ಟು ಕೂತಳು. ಒಂದು ಮಾತೂ ಅರ್ಥವಾಗಲಿಲ್ಲ.